ಒಂದು ಡ್ರಮ್ ಸಮುದ್ರದ ನೀರು

೧೯೯೮ರ ಜನವರಿ. ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕನಾಗಿ ನನಗದು ಏಳನೆಯ ವರ್ಷ. ವಿಭಾಗವೆಂದರೆ ನಾನೊಬ್ಬ, ಅಟೆಂಡರ್ ಒಬ್ಬ, ಒಂದು ಲ್ಯಾಬು, ಎರಡು ಬೀರು ತುಂಬ ಫಾರ್ಮಲಿನ್ ಬಾಟಲಿಗಳು. ಗೋಣಿಬೀಡಿನ ಹತ್ತಿರದ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ, ಅಂದರೆ ಕೂಲಿಗಳ ಸಾಲುಮನೆಯಲ್ಲಿ, ಹುಟ್ಟಿದವನು ನಾನು. ನಮ್ಮ ಲೈನಿನಲ್ಲಿ ಡಿಗ್ರಿ ಮಾಡಿದವರಲ್ಲಿ ಮೊದಲನೆಯವನು. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಆದರೆ ಒಂದು ದಿನ, ಒಂದೇ ಒಂದು ದಿನ, ಸಂಕೋಚಪಟ್ಟೆ. ಆ ದಿನದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಸಿಕ್ಕಿದ್ದ ತಾತ್ಕಾಲಿಕ ಮಾನ್ಯತೆ ಆ ವರ್ಷ ಮುಗಿಯುತ್ತಿತ್ತು. ಫೆಬ್ರವರಿ ಕೊನೆಗೆ ವಿಶ್ವವಿದ್ಯಾಲಯದಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಹಿಂದಿನ ಸಲ ಬಂದವರು ನಮ್ಮ ಪ್ರಾಣಿಶಾಸ್ತ್ರದ ಬಗ್ಗೆ, ಇಲ್ಲಿ ಸತ್ತ ಪ್ರಾಣಿಗಳನ್ನು ಬಿಟ್ಟು ಬೇರೇನೂ ಇಲ್ಲ ಎಂಬ ಅರ್ಥದ ಒಂದು ಸಾಲು ಬರೆದು ಹೋಗಿದ್ದರು. ಈ ಸಲವೂ ಹಾಗೆ ಬರೆದರೆ ವಿಭಾಗ ಮುಚ್ಚುವುದು ಖಚಿತವಾಗಿತ್ತು. ಎರಡನೆಯ ವರ್ಷದಲ್ಲಿ ಹನ್ನೊಂದು ಮಂದಿ ಇದ್ದರು. ವಿಭಾಗ ಮುಚ್ಚಿದರೆ ಅವರು ಕೊನೆಯ ವರ್ಷಕ್ಕೆ ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಬೇಕು. ಹೋಗಬಲ್ಲವರು ನಾಲ್ಕೈದು ಮಂದಿ. ಉಳಿದವರ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಆ ಉಳಿದವರಲ್ಲಿ ಸುಮಿತ್ರ ಒಬ್ಬಳು. ಅವಳದೂ ಲೈನ್‌ಮನೆ, ಕೊಟ್ಟಿಗೆಹಾರದ ಆಚೆ. ಅವಳಪ್ಪ ಕಾಲೇಜಿಗೆ ಬಂದು ನನಗೇ ನೇರವಾಗಿ ಹೇಳಿಹೋಗಿದ್ದರು, "ಇಲ್ಲಿದ್ರೆ ಓದ್ಲಿ ಸರ್, ಇಲ್ದಿದ್ರೆ ಓದಿದ್ದು ಸಾಕು." ಏಳು ವರ್ಷದಲ್ಲಿ ನನಗೆ ಸಿಕ್ಕ ವಿದ್ಯಾರ್ಥಿಗಳಲ್ಲಿ ಅವಳಷ್ಟು ಕಣ್ಣಿಟ್ಟು ನೋಡುವವಳು ಇನ್ನೊಬ್ಬಳಿರಲಿಲ್ಲ.

ಸಮುದ್ರದ ಅಕಶೇರುಕಗಳನ್ನು, ಅಂದರೆ ಹವಳ, ನಕ್ಷತ್ರಮೀನಿನಂಥ ಬೆನ್ನುಮೂಳೆಯಿಲ್ಲದ ಪ್ರಾಣಿಗಳನ್ನು, ಜೀವಂತವಾಗಿ ಲ್ಯಾಬಿನಲ್ಲಿ ಇಟ್ಟು ತೋರಿಸಬೇಕೆಂದು ನನ್ನ ತಲೆಗೆ ಹೊಕ್ಕಿತು. ಚಾರ್ಮಾಡಿ ಘಾಟಿ ಇಳಿದರೆ ನೂರು ಚಿಲ್ಲರೆ ಕಿಲೋಮೀಟರಿಗೆ ಸಮುದ್ರ. ಆದರೂ ಹನ್ನೊಂದು ಮಂದಿಯಲ್ಲಿ ಎಂಟು ಜನ ಅದನ್ನು ಕಂಡಿರಲಿಲ್ಲ. ಪ್ರಿನ್ಸಿಪಾಲರು ನಕ್ಕರು. "ಇಲ್ಲಿ ಕಾಫಿ ನೆಡ್ತಾರೆ ಮಾರಾಯ್ರೆ, ನೀವು ಹವಳ ನೆಡೋಕೆ ಹೊರಟಿದೀರಿ" ಎಂದರು. ಆಮೇಲೆ ಕಾಲೇಜಿನ ಹಳೆಯ ಗಾಜಿನ ತೊಟ್ಟಿಯನ್ನು ಕೊಟ್ಟರು. ಅದು ನೂರೈವತ್ತು ಲೀಟರ್ ಹಿಡಿಯುತ್ತಿತ್ತು.

ಕೊಟ್ಟಿಗೆಹಾರದ ಇಸ್ಮಾಯಿಲ್ ಎಂಬವರು ದಿನವೂ ವ್ಯಾನಿನಲ್ಲಿ ಮಲ್ಪೆಗೆ ಹೋಗಿ ಮೀನು ತರುತ್ತಿದ್ದರು. ಒಂದು ಭಾನುವಾರ ಅವರ ಜೊತೆ ಹೋದೆ. ನೀರು ತರಲು ಹೋಟೆಲಿನಿಂದ ಅಡುಗೆ ಎಣ್ಣೆಯ ಹತ್ತು ಪ್ಲಾಸ್ಟಿಕ್ ಕ್ಯಾನು ಬೇಡಿ ತಂದಿದ್ದೆ. ಮಲ್ಪೆಯಿಂದ ಸ್ವಲ್ಪ ದೂರದಲ್ಲಿ, ಇಳಿತದ ಹೊತ್ತಿಗೆ ಮಾತ್ರ ತೆರೆದುಕೊಳ್ಳುವ ಬಂಡೆಗಳಿದ್ದವು. ಬಂಡೆಯ ಗುಳಿಗಳಲ್ಲಿ ನಿಂತ ನೀರಿನಿಂದ ಹೂವಿನಂತೆ ಅರಳುವ ಕಡಲಹೂ ಎಂಬ ಪ್ರಾಣಿ ನಾಲ್ಕು, ಎರಡು ನಕ್ಷತ್ರಮೀನು, ಶಂಖದ ಚಿಪ್ಪಿನೊಳಗೆ ಮನೆ ಮಾಡುವ ಆರು ಏಡಿ, ಎರಡು ಬೆರಳುದ್ದದ ಮೀನು ಸಿಕ್ಕವು. ಕೊನೆಗೆ ಒಂದು ಗುಳಿಯ ಅಂಚಿನಲ್ಲಿ ಅಂಗೈಯಗಲದ ಜೀವಂತ ಹವಳ ಕಂಡಿತು. ನಾನು ನೋಡಿದ ಆ ಬಂಡೆಸಾಲಿನಲ್ಲಿ ಇದ್ದದ್ದು ಅದೊಂದೇ. ಉಳಿ ಹಾಕಿ ಬಿಡಿಸಿಕೊಂಡೆ. ಆಗ ಅದನ್ನು ಕೀಳಬಾರದೆಂದು ಹೇಳುವವರು ಯಾರೂ ಇರಲಿಲ್ಲ. ಕಾನೂನು ಬಂದದ್ದು ಆಮೇಲೆ. ಇಸ್ಮಾಯಿಲ್ ಮಾತ್ರ, "ಕಲ್ಲು ಕೀಳ್ಲಿಕ್ಕೆ ಇಲ್ಲಿತನಕ ಬರ್ಬೇಕಿತ್ತಾ ಸಾರ್, ಘಾಟಿ ತುಂಬ ಕಲ್ಲೇ ಅಲ್ವಾ ಇರೋದು" ಎಂದು ದಾರಿಯುದ್ದಕ್ಕೂ ತಮಾಷೆ ಮಾಡಿದರು.

ಅದು ಕಲ್ಲಲ್ಲ. ಹವಳವೆಂದರೆ ರಾಗಿಕಾಳಿನಷ್ಟು ಸಣ್ಣ ಸಾವಿರಾರು ಪ್ರಾಣಿಗಳು ಒಟ್ಟಾಗಿ ಕಟ್ಟಿಕೊಂಡ ಸುಣ್ಣದ ವಠಾರ. ಆ ಒಂದೊಂದು ಪ್ರಾಣಿಗೂ ಪಾಲಿಪ್ ಎಂದು ಹೆಸರು. ತೊಟ್ಟಿಗೆ ಇಳಿಸಿದ ಮೇಲೆ ಐದು ದಿನ ಅವು ಬಾಯಿ ಬಿಡಲಿಲ್ಲ. ಚಳಿ ತಾಗದಿರಲೆಂದು ಮೇಲೆ ಎರಡು ಬಲ್ಬು ಕಟ್ಟಿದ್ದೆ. ನೀರಿಗೆ ಗಾಳಿ ಊದುವ ಏರೇಟರಿಗೆ ಕರೆಂಟ್ ಹೋದಾಗ ಬೇಕೆಂದು ಬ್ಯಾಟರಿ ಜೋಡಿಸಿದ್ದೆ. ಆರನೆಯ ದಿನ ಕ್ಲಾಸು ಬಿಡುವ ಹೊತ್ತಿಗೆ ಸುಮಿತ್ರ ಗಾಜಿಗೆ ಮೂಗು ಒತ್ತಿ ನಿಂತವಳು ನನ್ನನ್ನು ಕರೆದಳು. ಹವಳದ ಮೈಯೆಲ್ಲ ಸಣ್ಣ ಸಣ್ಣ ಕೈಗಳು ಹೊರಬಂದಿದ್ದವು. ನಾವು ಹನ್ನೆರಡು ಜನ ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿ ಅದನ್ನು ನೋಡಿದೆವು. ನನ್ನ ವೃತ್ತಿಜೀವನದಲ್ಲಿ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಮಾಡಲಿಲ್ಲ.

ಅಪ್ಪನೂ ಒಂದು ದಿನ ನೋಡಲು ಬಂದ. ಅಪ್ಪ ಎಸ್ಟೇಟಿನ ಸ್ಪ್ರೇ ಗ್ಯಾಂಗಿನವನು. ಕಾಫಿ ಎಲೆಗೆ ತುಕ್ಕುರೋಗ ಬಾರದಂತೆ ಮಳೆಗಾಲಕ್ಕೆ ಮೊದಲು, ಮಳೆ ಬಿಟ್ಟ ಮೇಲೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ಔಷಧಿ ಅದು. ಮೂವತ್ತು ವರ್ಷ ಹೊಡೆದು ಅಪ್ಪನ ಉಗುರಿನ ಸಂದು, ಅಂಗಿಯ ತೋಳು ಎಲ್ಲ ನೀಲಿಯಾಗಿದ್ದವು. ನನ್ನ ಶಾಲೆಯ ಬಿಳಿ ಅಂಗಿಗೂ ಆ ಕಲೆ ಇರುತ್ತಿತ್ತು. ನಮ್ಮ ಕಡೆಯವರಿಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಅಪ್ಪ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತು, "ಒಳ್ಳೆ ಕಾಫಿ ಹೂ ಬಿಟ್ಟಂಗಿದೆ ಮೇಷ್ಟ್ರೆ" ಎಂದ. ನಾನು ಕೆಲಸಕ್ಕೆ ಸೇರಿದ ಮೇಲೆ ಅವನು ನನ್ನನ್ನು ಮೇಷ್ಟ್ರೆ ಎಂದೇ ಕರೆಯುತ್ತಿದ್ದ. ಕುಶಾಲಿಗೆ ಎನ್ನುತ್ತಿದ್ದ, ಕುಶಾಲು ಅರ್ಧವೇ ಇರುತ್ತಿತ್ತು.

ಸಮಿತಿ ಬರುವುದಕ್ಕೆ ಹತ್ತು ದಿನವಿತ್ತು. ತೊಟ್ಟಿಯ ಅರ್ಧ ನೀರು ಬದಲಿಸಬೇಕಿತ್ತು. ಹೋಟೆಲಿನವರು ಕ್ಯಾನುಗಳನ್ನು ವಾಪಸು ಕೇಳಿ ತೆಗೆದುಕೊಂಡಿದ್ದರು. ಅಪ್ಪನಿಗೆ ಇದು ತಿಳಿದದ್ದೇ ತಡ, ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿ ಒಂದು ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ತಂದ. ಹುಣಸೆಹಣ್ಣು, ಬೂದಿ, ಮರಳು ಹಾಕಿ ಎರಡು ದಿನ ಉಜ್ಜಿದ್ದ, ಬಿಸಿಲಿಗೆ ಒಣಗಿಸಿದ್ದ. "ಕೈ ಹಾಕಿ ನೋಡು, ಊಟ ಬಡಿಸ್ಬೋದು" ಎಂದ. ನಾನು ಕೈ ಹಾಕಿಯೂ ನೋಡಿದೆ. ನುಣ್ಣಗಿತ್ತು. ಡ್ರಮ್ಮೇ ನೀಲಿ ಬಣ್ಣದ್ದು. ಅಡಿಯ ಅಂಚಿನ ಸಂದಿನಲ್ಲಿ ಇನ್ನೊಂದು ನೀಲಿ ಇದ್ದರೆ ಕಾಣುವ ಹಾಗಿರಲಿಲ್ಲ.

ಇಸ್ಮಾಯಿಲ್ ಅದರಲ್ಲಿ ನೀರು ತುಂಬಿ ತಂದುಕೊಟ್ಟರು. ಒಂದು ದಿನ ಅದು ವರಾಂಡದಲ್ಲಿ ತಿಳಿಯಾಗಲು ನಿಂತಿತು. ಮರುದಿನ ಮಧ್ಯಾಹ್ನ ತೊಟ್ಟಿಗೆ ಹಾಕಿದೆ. ಅದರ ಮರುದಿನ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದಾಗ ವಾಸನೆ ಬಂತು.

ನಕ್ಷತ್ರಮೀನುಗಳ ತೋಳು ಮೆತ್ತಗಾಗಿ ಕಳಚಿಕೊಳ್ಳುತ್ತಿದ್ದವು. ಏಡಿಗಳು ಚಿಪ್ಪು ಬಿಟ್ಟು ಹೊರಬಂದು ಸತ್ತಿದ್ದವು. ಕಡಲಹೂಗಳು ಲೋಳೆಯಾಗಿದ್ದವು. ಹವಳದ ಮೈಮೇಲಿನ ಜೀವ ಎಳೆಎಳೆಯಾಗಿ ಬಿಟ್ಟುಕೊಂಡು ಕೆಳಗಿನ ಬಿಳಿ ಸುಣ್ಣ ಕಾಣುತ್ತಿತ್ತು. ಎರಡು ಮೀನು ಮಾತ್ರ ಏನೂ ಆಗದವರ ಹಾಗೆ ಓಡಾಡಿಕೊಂಡಿದ್ದವು. ಏರೇಟರ್ ಊದುತ್ತಲೇ ಇತ್ತು, ಬಲ್ಬು ಉರಿಯುತ್ತಲೇ ಇತ್ತು.

ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ವಿದ್ಯಾರ್ಥಿಗಳು ಬಂದು ಹೋದರು. ಸುಮಿತ್ರ ಹೋಗಲಿಲ್ಲ. ತೊಟ್ಟಿಯ ಸುತ್ತ ಬಂದು ಮೀನುಗಳನ್ನು ನೋಡಿ ಕೇಳಿದಳು.

"ಸರ್, ಲಿವರ್ ಫ್ಲೂಕ್ ಪಾಠದಲ್ಲಿ ನೀವೇ ಹೇಳಿದ್ರಲ್ಲ, ಬಸವನಹುಳು ಸಾಯ್ಲಿ ಅಂತ ಕೆರೆಗೆ ಮೈಲುತುತ್ತ ಹಾಕ್ತಾರೆ ಅಂತ. ಆ ಡ್ರಮ್ಮು ಎಲ್ಲಿದು ಸರ್?"

ಲಿವರ್ ಫ್ಲೂಕ್ ದನ-ಕುರಿಗಳ ಪಿತ್ತಜನಕಾಂಗದ ಹುಳು. ಅದರ ಮರಿಗಳು ನೀರಿನ ಬಸವನಹುಳುವಿನೊಳಗೆ ಬೆಳೆಯುತ್ತವೆ. ಬಸವನಹುಳುವನ್ನು ಕೊಲ್ಲಲು ಮೈಲುತುತ್ತದಲ್ಲಿರುವ ತಾಮ್ರ ಸ್ವಲ್ಪವೇ ಸಾಕು, ಅಷ್ಟಕ್ಕೆ ಮೀನು ಸಾಯದೆಯೂ ಇರಬಹುದು. ಏಳು ವರ್ಷ ಪ್ರತಿ ಬ್ಯಾಚಿಗೂ ನಾನು ಇದನ್ನು ಬರೆಸಿದ್ದೆ, ಪರೀಕ್ಷೆಗೆ ಕೇಳಿದ್ದೆ, ಅಂಕ ಕೊಟ್ಟಿದ್ದೆ. ಡ್ರಮ್ಮು ಎಸ್ಟೇಟಿನಲ್ಲಿ ಬೋರ್ಡೋ ಕಲಸುತ್ತಿದ್ದದ್ದು. ಆ ನೀಲಿ ನಾನು ಹುಟ್ಟಿದ ಮನೆಯ ಗೋಡೆಗೂ ಮೆತ್ತಿತ್ತು. ಎರಡನ್ನೂ ಒಂದು ಕಡೆ ಇಟ್ಟು ನೋಡಲು ಹತ್ತೊಂಬತ್ತು ವರ್ಷದ ಹುಡುಗಿ ಬೇಕಾಯಿತು.

ಅವಳೇ ಹಳ್ಳಕ್ಕೆ ಹೋಗಿ ಇಪ್ಪತ್ತು ಬಸವನಹುಳು ತಂದಳು. ಡ್ರಮ್ಮನ್ನು ಬರಿದು ಮಾಡಿ ಅದಕ್ಕೆ ಹಳ್ಳದ ನೀರು ಹಾಕಿ ಎರಡು ತಾಸು ಬಿಟ್ಟೆವು. ಒಂದು ಜಾಡಿಯಲ್ಲಿ ಬರಿಯ ಹಳ್ಳದ ನೀರು, ಇನ್ನೊಂದರಲ್ಲಿ ಡ್ರಮ್ಮಿನ ನೀರು, ತಲಾ ಹತ್ತು ಹುಳು. ಮರುದಿನ ಬೆಳಿಗ್ಗೆ ಮೊದಲನೆಯ ಜಾಡಿಯ ಹತ್ತೂ ಗಾಜಿನ ಮೇಲೆ ಹರಿದಾಡುತ್ತಿದ್ದವು. ಎರಡನೆಯದರಲ್ಲಿ ಒಂಬತ್ತು ತಳದಲ್ಲಿ ಬಿದ್ದಿದ್ದವು. ಅವಳು ಅದನ್ನು ತನ್ನ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡಳು. "ಸಮಿತಿಯವ್ರಿಗೆ ಇದನ್ನೇ ತೋರಿಸ್ಬೋದಲ್ಲ ಸರ್" ಎಂದಳು. ನಾನು ನೋಡೋಣ ಎಂದೆ. ಜಾಡಿಗಳನ್ನು ಬೀರುವಿನೊಳಗೆ ಇಟ್ಟೆ.

ಅದರ ಮರುದಿನ ಸಮಿತಿ ಬಂತು. ಮೂವರು. ಅವರಲ್ಲಿ ಕರಾವಳಿಯ ಕಡೆಯ ಒಬ್ಬ ಹಿರಿಯ ಮೇಡಂ ಇದ್ದರು. ಲ್ಯಾಬಿಗೆ ಬಂದವರೇ ನೇರವಾಗಿ ತೊಟ್ಟಿಯ ಹತ್ತಿರ ಹೋದರು. ಸತ್ತದ್ದನ್ನೆಲ್ಲ ತೆಗೆದು, ಮೀನು ಎರಡನ್ನೂ ಹವಳದ ಬಿಳಿ ಅಸ್ಥಿಯನ್ನೂ ಉಳಿಸಿದ್ದೆ. ಹಿಂದೆ ಹನ್ನೊಂದು ಮಂದಿ ಸಾಲಾಗಿ ನಿಂತಿದ್ದರು. ಬಾಗಿಲ ಹೊರಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಪ್ಪ ನಿಂತಿದ್ದ. ಕೆಲಸಕ್ಕೆ ರಜ ಹಾಕಿ ಬಂದಿದ್ದ. ತೊಟ್ಟಿ ಹಾಳಾದದ್ದು ಅವನಿಗೆ ಗೊತ್ತಿರಲಿಲ್ಲ. ನಮ್ಮ ಹುಡುಗನ ಸಮುದ್ರಕ್ಕೆ ನನ್ನ ಡ್ರಮ್ಮು ಎಂದು ಗ್ಯಾಂಗಿನಲ್ಲೆಲ್ಲ ಹೇಳಿಕೊಂಡು ಬಂದಿದ್ದನಂತೆ.

ಏನಾಯಿತು ಎಂದು ಮೇಡಂ ಕೇಳಿದರು.

"ಕರೆಂಟ್ ಹೋಯ್ತು ಮೇಡಂ. ಬ್ಯಾಟರಿನೂ ಇಳಿದು ಏರೇಟರ್ ನಿಂತುಹೋಯ್ತು" ಎಂದೆ.

ಅವರು ತೊಟ್ಟಿಯತ್ತ ಬಗ್ಗಿ ನೋಡಿ, ನನ್ನ ಮುಖ ನೋಡಿದರು. "ಗಾಳಿ ಸಾಲದಿದ್ರೆ ಮೊದಲು ಸಾಯುವುದು ಮೀನಲ್ವಾ? ಇಲ್ಲಿ ಮೀನು ಮಾತ್ರ ಉಂಟಲ್ಲ. ಸರಿಯಾಗಿ ನೋಡಿದ್ದೀರಾ?"

ಅವರು ನನಗೆ ಬಾಗಿಲು ತೆರೆದುಕೊಟ್ಟಿದ್ದರು. ಅದು ಆ ಕ್ಷಣದಲ್ಲೇ ನನಗೆ ಗೊತ್ತಾಗಿತ್ತು. ಬೀರು ಎರಡು ಹೆಜ್ಜೆ ದೂರದಲ್ಲಿತ್ತು. ಜಾಡಿ ತೆಗೆದಿಟ್ಟು, ರೆಕಾರ್ಡ್ ಬಿಚ್ಚಿಸಿ, ಸುಮಿತ್ರಳನ್ನು ಮಾತಾಡಲು ಬಿಟ್ಟಿದ್ದರೆ ಸಾಕಿತ್ತು. ಆದರೆ ಹಾಗೆ ಹೇಳಿದರೆ ಡ್ರಮ್ಮು ಎಲ್ಲಿಂದ ಬಂತೆಂಬ ಮಾತು ಬರುತ್ತದೆ. ಅಪ್ಪ ಬಾಗಿಲಲ್ಲಿ ನಿಂತಿದ್ದಾನೆ. ಅಪ್ಪನಿಗೆ ನೋವಾಗುತ್ತದೆಂದು ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಇಷ್ಟು: ಆ ಮೂವರ ಎದುರಿಗೆ, ಔಷಧಿ ಹೊಡೆಯುವವನ ಮಗ ನಾನು ಎಂದು ಹೇಳಿಕೊಳ್ಳಲು ನನಗೆ ಬಾಯಿ ಬರಲಿಲ್ಲ.

"ಕರೆಂಟೇ ಮೇಡಂ" ಎಂದೆ.

ಸುಮಿತ್ರ ನನ್ನನ್ನು ನೋಡಿದಳು. ಅಧ್ಯಾಪಕರು ಹೇಳಿದ ಮೇಲೆ ಮಾತಾಡಬಾರದೆಂದು ನಾವೇ ಕಲಿಸಿದ್ದೆವಲ್ಲ.

ಏಪ್ರಿಲ್‌ನಲ್ಲಿ ವರದಿ ಬಂತು. ವಿದ್ಯುತ್ ಪೂರೈಕೆ ನಂಬುವಂತಿಲ್ಲದ ಈ ಸ್ಥಳದಲ್ಲಿ ಜೀವಂತ ಪ್ರಾಣಿಗಳ ಮೂಲಕ ಬೋಧನೆ ಕಾರ್ಯಸಾಧ್ಯವಲ್ಲ, ವಿಭಾಗವನ್ನು ಮುಂದುವರಿಸುವುದು ಸೂಕ್ತವಲ್ಲ ಎಂದಿತ್ತು. ಕಾರಣವನ್ನು ಅವರ ಕೈಗೆ ಕೊಟ್ಟವನು ನಾನೇ. ಹನ್ನೊಂದರಲ್ಲಿ ನಾಲ್ವರು ಚಿಕ್ಕಮಗಳೂರಿಗೆ ಹೋದರು. ಮೂವರು ಇಲ್ಲಿಯೇ ಬಿ.ಎ.ಗೆ ಮೊದಲ ವರ್ಷದಿಂದ ಸೇರಿದರು. ನಾಲ್ವರು ಬಿಟ್ಟರು. ಓದು ಬಿಡಿಸಬೇಡಿ ಎನ್ನಲು ಸುಮಿತ್ರಳ ಮನೆಗೆ ನಾನು ಹೋಗಿದ್ದೆ. ಅವಳಪ್ಪ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಮುಂದಿನ ಕೊಯ್ಲಿಗೆ ಅವಳು ಹಣ್ಣು ಕೊಯ್ಯುತ್ತಿದ್ದುದನ್ನು ಬಸ್ಸಿನಿಂದ ಕಂಡೆ. ಬಸ್ಸು ನಿಂತಿತ್ತು. ನಾನು ಇಳಿಯಲಿಲ್ಲ.

ನನ್ನನ್ನು ಬೇರೆ ಊರಿಗೆ ಹಾಕಿದರು. ೨೦೦೩ರಲ್ಲಿ ಒಮ್ಮೆ ಆ ಬಂಡೆಗಳ ಹತ್ತಿರ ಹೋದೆ. ಉಳಿ ಹಾಕಿದ ಜಾಗ ಹಾಗೇ ಇತ್ತು. ಅಲ್ಲಿ ಪಾಚಿ ಬೆಳೆದಿತ್ತು. ಹವಳ ಮತ್ತೆ ಬಂದಿರಲಿಲ್ಲ.

ಅಪ್ಪ ಆ ದಿನ ಮನೆಗೆ ಹೋಗುವಾಗ ಕರೆಂಟಿನವರನ್ನು ಬೈದುಕೊಂಡು ಹೋದ. ಡ್ರಮ್ಮನ್ನು ವಾಪಸು ಔಷಧಿಗೆ ಬಳಸಲು ಬಿಡಲಿಲ್ಲ. ಮತ್ತೆ ತೊಳೆದು ಲೈನಿನ ಹಿಂದೆ ಮಗುಚಿ ಇಟ್ಟ. ಮೇಷ್ಟ್ರಿಗೆ ಇನ್ನೊಂದ್ಸಲ ನೀರು ಬೇಕಾಗ್ತದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದನಂತೆ. ೨೦೦೬ರಲ್ಲಿ ಅವನು ತೀರಿಕೊಂಡಾಗಲೂ ಅದು ಹಾಗೆಯೇ ಇತ್ತು. ಅವನಿಗೆ ನಾನು ಹೇಳಲೇ ಇಲ್ಲ. ಹೇಳಿದ್ದರೆ ಎರಡು ದಿನ ಮಂಕಾಗಿರುತ್ತಿದ್ದ, ಮೂರನೆಯ ದಿನ ಇನ್ನೊಂದು ಡ್ರಮ್ಮು ಹುಡುಕುತ್ತಿದ್ದ. ಇಷ್ಟು ಮಟ್ಟಿಗೆ ನನ್ನ ಅಪ್ಪ ನನಗೆ ಗೊತ್ತಿರಬೇಕಿತ್ತು.

ಮೂವತ್ತು ವರ್ಷ ಪಾಠ ಹೇಳಿದ ಮೇಲೆ ನನಗೆ ತಿಳಿದದ್ದು ಇಷ್ಟೇ: ಪ್ರಯೋಗ ಕೆಟ್ಟರೆ ಅದೂ ಪಾಠವೇ, ಕೆಟ್ಟದ್ದು ಯಾಕೆ ಎಂದು ಸುಳ್ಳು ಬರೆದ ದಿನ ಮಾತ್ರ ಕಲಿಸುವುದು ನಿಲ್ಲುತ್ತದೆ. ವಿಭಾಗ ಮುಚ್ಚಿದಾಗ ವಿದ್ಯಾರ್ಥಿಗಳ ರೆಕಾರ್ಡುಗಳು ಲ್ಯಾಬಿನಲ್ಲೇ ಉಳಿದಿದ್ದವು. ಸುಮಿತ್ರಳದನ್ನು ನಾನು ತಂದಿಟ್ಟುಕೊಂಡಿದ್ದೇನೆ. ಬಸವನಹುಳುಗಳ ಪುಟದಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಎಲ್ಲವೂ ದುಂಡನೆಯ ಅಕ್ಷರದಲ್ಲಿವೆ. ಕೊನೆಗೆ "ನಿರ್ಣಯ" ಎಂದು ಬರೆದು ಅಡಿಗೆರೆ ಎಳೆದಿದ್ದಾಳೆ. ಅದರ ಮುಂದೆ ಏನೂ ಇಲ್ಲ. ಕೆಳಗೆ, ಸರಿ ನೋಡಿದ್ದೇನೆ ಎನ್ನುವುದಕ್ಕೆ, ಕೆಂಪು ಶಾಯಿಯಲ್ಲಿ ನನ್ನ ಸಹಿ ಇದೆ.