ಮಾನ್ವಿಯ ಸೂಪು

ಎಪ್ಪತ್ತರ ದಶಕ. ಮಾನ್ವಿಯಲ್ಲಿ ನಾನು ಹೊಸ ಮಾಸ್ತರ. ನಾನೇನು ಮಾಡಿದರೂ ಬಾಡಿಗೆ ಮನೆಯ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಶಾಣ್ಯಾ ಅದಿ ಬಿಡಪ್ಪಾ" ಎನ್ನುತ್ತಿದ್ದಳು. ಜಾಣನೆಂಬ ಹೊಗಳಿಕೆಯೆಂದೇ ನಂಬಿ ಉಬ್ಬುತ್ತಿದ್ದೆ.

ಸೀಗಿ ಹುಣ್ಣಿಮೆಯ ಮರುದಿನ ಅವಳು ಹಿತ್ತಲಿನ ಹೀರೆ, ಕುಂಬಳ, ಚವಳಿಕಾಯಿ ಕೊಟ್ಟಳು. ಪತ್ರಿಕೆಯಲ್ಲಿ ಓದಿದ್ದ ಸೂಪು ಮಾಡಲು ಎಲ್ಲವನ್ನೂ ಬೇಯಿಸಿ ಸೋಸಿದೆ. ಉಳಿದ ತರಕಾರಿಯನ್ನು, ಅವಳು ದಿನಾ ಎಮ್ಮೆಗೆ ಮುಸುರೆ ಸುರಿಯುವ ಬಾನಿಗೆ ಹಾಕಿದೆ. ತಿಳಿನೀರಿಗೆ ಮೆಣಸಿನ ಪುಡಿ ಉದುರಿಸಿ, ಚಮಚದಲ್ಲಿ ಹೀರುತ್ತ, ಅವಳಿಗೂ ಒಂದು ಬಟ್ಟಲು ಕೊಟ್ಟೆ.

ಅವಳು ಬೆರಳಿನಿಂದ ಕದಡಿ ನೋಡಿದಳು.

"ಕಾಯಿಪಲ್ಲೆ ಎಲ್ಲಿ ಹೋದ್ವಪ್ಪಾ?"

"ಎಮ್ಮೆಗೆ ಹಾಕಿದೆನವ್ವಾ."

ಈ ಸಲ ಸೆರಗು ಬಾಯಿಗೆ ಹೋಗಲಿಲ್ಲ.

"ಕಾಯಿಪಲ್ಲೆ ಅದು ತಿಂತು, ಮುಸರಿ ನೀ ಕುಡದಿ. ಶಾಣ್ಯಾ ಅದ ಬಿಡಪ್ಪಾ, ನಮ್ಮ ಎಮ್ಮಿ!"