ಮ್ಯಾನೇಜರ ನಾಯಿಯ ಬಾಲ
ಮೇಲಿನ ಮನೆಯ ಮ್ಯಾನೇಜರು ತಮ್ಮ ನಾಯಿಯ ಬಾಲದ ಗಾಯಕ್ಕೆ ಹಚ್ಚದ ಮುಲಾಮಿಲ್ಲ, ಆ ನೆಪದಲ್ಲಿ ಬೈಯದ ಜನರಿಲ್ಲ. ಬ್ಯಾಂಡೇಜು ಸಡಿಲವಾದರೆ ಹೆಂಡತಿಯ ತಪ್ಪು, ಬಿಗಿಯಾದರೆ ಮಗಳ ತಪ್ಪು. ಸಂಜೆ ಬಾಗಿಲಲ್ಲಿ ನಿಂತು, "ಯಾರು ಬಂದ್ರು ನೋಡೋ, ರಾಜಾ!" ಎಂದು ಕೂಗುವವರು ಮಾತ್ರ ಅವರೇ. ನಾಯಿ ಹಿಗ್ಗಿ ಬಾಲವನ್ನು ಗೋಡೆಗೆ ಪಟಪಟ ಬಡಿಯುತ್ತದೆ, ಒಣಗುತ್ತಿದ್ದ ಗಾಯ ಮತ್ತೆ ಒಡೆಯುತ್ತದೆ. "ಸ್ವಾಮಿ, ನಿಮ್ಮ ಮುಲಾಮೆಲ್ಲ ಸಾಕು. ಸದ್ದಿಲ್ಲದೆ ಮನೆಯೊಳಗೆ ಹೋಗೋದು ಕಲೀರಿ, ಇಲ್ಲದಿದ್ರೆ ಬಾಲ ಕತ್ತರಿಸಬೇಕಾಗುತ್ತೆ," ಎಂದರು ನಾಯಿಯ ಡಾಕ್ಟರು. ನಿನ್ನೆ ಮ್ಯಾನೇಜರು ಬಾಯಿ ಬಿಗಿಹಿಡಿದು ಒಳಗೆ ಹೋದರು. ನಾಯಿ ಮೂಲೆಯಲ್ಲಿ ನಿದ್ದೆಹೋಗಿತ್ತು. ಹೆಂಡತಿ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಮಗಳು ಎದ್ದು ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಅವರು ಬೂಟು ಬಿಚ್ಚುವಷ್ಟು ಹೊತ್ತು ತಡೆದರು. ಆಮೇಲೆ ಮೂಲೆಗೆ ಹೋಗಿ, ಬಗ್ಗಿ, ನಾಯಿಯನ್ನು ಎಬ್ಬಿಸಿದರು.