ಗುಬ್ಬಿ ತೊಟ್ಟಿಯ ಮುಕ್ಕು

ಮುನಿಸ್ವಾಮಣ್ಣ, ನಿನ್ನ ಅಂಗಳದ ಗುಬ್ಬಿ ತೊಟ್ಟಿಯ ಅಂಚಿನಲ್ಲಿರುವ ಮುಕ್ಕು ನಿಮ್ಮಪ್ಪನ ಬಕೆಟ್ಟು ತಾಗಿ ಆದದ್ದಲ್ಲ. ಅದನ್ನು ನಾನು ಮಾಡಿಸಿದೆ. ಉಳಿ ಹಿಡಿದ ಕೈ ಬೇರೆಯವರದು. ಇಲ್ಲಿ, ಇಷ್ಟಗಲ, ಇಷ್ಟು ಆಳ ಎಂದು ತೋರಿಸಿದ ಬೆರಳು ನನ್ನದು.

ಹತ್ತು ವರ್ಷ ಇದನ್ನು ನುಂಗಿಕೊಂಡಿದ್ದೆ. ಇನ್ನೂ ಹತ್ತು ವರ್ಷ ನುಂಗಿಕೊಂಡೇ ಇರುತ್ತಿದ್ದೆನೋ ಏನೋ — ಮೊನ್ನೆ ನಿನ್ನ ಕಾಗದ ಬಂತು. ಚಿನ್ನದ ಗಣಿ ಕೆಲಸ ಮುಗಿಯಿತು, ಕೋರಮಂಡಲ್ ಲೈನಿನ ಕಂಪನಿ ಮನೆ ಬಿಟ್ಟು ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಗೆ ಹೋಗುತ್ತಿದ್ದೇನೆ, ಮಂಚ ಪೆಟ್ಟಿಗೆ ಹೇಗಾದರೂ ಬರಲಿ, ತೊಟ್ಟಿಯನ್ನು ಮಾತ್ರ ನೀನೇ ಸಾಗಿಸಿಕೊಡು, ನಮ್ಮಪ್ಪನ ಕೈಗುರುತು ಅಂತ ಭೂಮಿ ಮೇಲೆ ಉಳಿದಿರುವುದು ಅದೊಂದೇ — ಎಂದು ಮಗಳ ಕೈಯಲ್ಲಿ ಬರೆಸಿದ್ದೀಯ. ಆ ಕೊನೆಯ ಸಾಲು ಓದಿದ ಮೇಲೆ ಅಂಗಡಿಗೆ ಬಂದ ಗಿರಾಕಿಯ ಮುಖವೂ ನನಗೆ ಸರಿಯಾಗಿ ಕಾಣಲಿಲ್ಲ. ಒಂದು ಸುಳ್ಳನ್ನು ಎರಡನೇ ಸಲ ಗಾಡಿಗೇರಿಸುವುದು ನನ್ನಿಂದಾಗದು.

ಇದನ್ನು ಓದಿ ಹೇಳುವವಳು ನೀನೇ ಅಲ್ಲವೇ, ರತ್ನಾ. ಅಪ್ಪ ನೊಂದಾನೆಂದು ಒಂದು ಸಾಲನ್ನೂ ಹಾರಿಸಬೇಡ, ತಾಯಿ. ನೀನು ಆಗ ಮೂರು ವರ್ಷದ ಕೂಸು, ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ನಿನ್ನ ತಾತ ಮೈಸೂರು ಮೈನ್ಸಿನ ಒಬ್ಬ ದೊರೆಯ ಬಂಗಲೆಯಲ್ಲಿ ಮಾಲಿಯಾಗಿದ್ದರು. ತೋಟದ ನಡುವೆ ಸೊಂಟದೆತ್ತರದ ಒಂದು ಕಲ್ಲುಕಂಬ, ಅದರ ತಲೆಯ ಮೇಲೆ ಅಗಲವಾದ ಕಲ್ಲಿನ ಬಟ್ಟಲು — ಹಕ್ಕಿಗಳು ಕುಡಿಯಲಿ, ಮೀಯಲಿ ಅಂತ ದೊರೆಸಾನಿ ಮಾಡಿಸಿದ್ದು. ತಾತ ಅದಕ್ಕಿಟ್ಟ ಹೆಸರು ಗುಬ್ಬಿ ತೊಟ್ಟಿ. ಬೆಳಗಾದರೆ ತೆಂಗಿನ ನಾರಿನಿಂದ ಉಜ್ಜಿ ನೀರು ತುಂಬುವುದೇ ಅವರ ಮೊದಲ ಕೆಲಸ. ಒಂದು ದಿನ ಕಬ್ಬಿಣದ ಬಕೆಟ್ಟು ಕೈಜಾರಿ ಅಂಚು ಮುಕ್ಕಾಯಿತು. ಕೆಲಸ ಹೋದೀತೆಂದು ಹೆದರಿ, ಬಟ್ಟಲನ್ನು ತಿರುಗಿಸಿ ಮುಕ್ಕನ್ನು ಬೇಲಿಯ ಕಡೆಗೆ ಮಾಡಿಟ್ಟರು. ದೊರೆಸಾನಿ ಹಡಗು ಹತ್ತುವ ತನಕ ಅದು ಬೇಲಿಯನ್ನೇ ನೋಡುತ್ತಿತ್ತು. ಆ ಬೇಲಿಯ ಹೊರಗೆ ಅಪ್ಪನಿಗೆ ಬುತ್ತಿ ಹಿಡಿದು ನಿಲ್ಲುತ್ತಿದ್ದ ಮಗನಿಗೆ ಮಾತ್ರ ಮುಕ್ಕು ಚೆನ್ನಾಗಿ ಕಾಣುತ್ತಿತ್ತು. ಆ ಮಗನೇ ನಿನ್ನ ಅಪ್ಪ.

ದೊರೆಗಳೆಲ್ಲ ಒಬ್ಬೊಬ್ಬರಾಗಿ ಊರು ಬಿಟ್ಟು ಬಂಗಲೆಗಳ ಸಾಮಾನು ಮಾರಾಟಕ್ಕೆ ಬಂದಾಗ ಮುನಿಸ್ವಾಮಣ್ಣ ರೈಲು ಹತ್ತಿ ಬಂಗಾರಪೇಟೆಯ ನನ್ನ ಹಳೇ ಸಾಮಾನಿನ ಅಂಗಡಿಗೆ ಬಂದ. ಗಣಿಯೊಳಗೆ ಸುರಂಗ ಕುಸಿಯದ ಹಾಗೆ ಮರದ ಊರೆ ಕಟ್ಟುವ ಕೆಲಸ ಅವನದು. ಇಡೀ ರಾತ್ರಿ ಭೂಮಿಯ ಹೊಟ್ಟೆಯಲ್ಲಿದ್ದು ಬೆಳಿಗ್ಗೆ ಮೇಲೆ ಬರುವವನು. ಮೇಲೆ ಬಂದ ಕೂಡಲೆ ಕಣ್ಣಿಗೆ ಒಂದು ಹಕ್ಕಿ ಬಿದ್ದರೆ ಸಾಕು, ಬದುಕಿದ್ದೀನಿ ಅನ್ನಿಸುತ್ತೆ ಅಂದ. ಆ ತೊಟ್ಟಿ ಕೊಡಿಸು ಅಂದ. ಬೇರೇನೂ ಕೇಳಲಿಲ್ಲ.

ಕೊಂಡದ್ದು ನನ್ನ ಬಾಳಿನ ಒಳ್ಳೆಯ ಚೌಕಾಸಿಗಳಲ್ಲಿ ಒಂದು — ಈಗಲೂ ನೆನೆದರೆ ಮೀಸೆಯಡಿ ನಗು ಬರುತ್ತದೆ, ಏನು ಮಾಡಲಿ. ಬೇಕಾದ ವಸ್ತುವಿನ ಕಡೆ ಕಣ್ಣೆತ್ತಬಾರದು, ರತ್ನಾ. ಪಕ್ಕದ್ದನ್ನು ನೋಡಬೇಕು, ಅದನ್ನೂ ಬೈಯಬೇಕು. ನಾನು ಮುರುಕು ಬೆತ್ತದ ಕುರ್ಚಿಗಳಿಗೆ ಅರ್ಧ ದಿನ ಜಗಳವಾಡಿ, ಕೊನೆಗೆ ಹೊರಡುವಾಗ, ಆ ಕಲ್ಲನ್ನೂ ಹಾಕಿಕೊಡಿ, ಗಾಡಿಗೆ ಭಾರ ಸಮ ಆಗುತ್ತೆ ಅಂದೆ. ಹಾಕಿಕೊಟ್ಟರು.

ಅಲ್ಲಿಗೆ ನಿಲ್ಲಿಸಬೇಕಿತ್ತು ನನ್ನ ಜಾಣತನ. ಗಾಡಿಯ ಚಿಕ್ಕೆಂಕಟಪ್ಪ ಕಲ್ಲಿನ ಬಟ್ಟಲನ್ನು ಒಮ್ಮೆ ತಟ್ಟಿ ನೋಡಿ ಹೇಳಿದ: “ಒಂದೊರೆ ಉಲ್ಲು ಆಕಾನ ಸಾಮಿ, ಬಟ್ಲು ತೆಳ್ಳಗೈತೆ.”

ಹುಲ್ಲಿಗೆ ಬೇರೆ ಯಾಕೆ ಕೊಡಬೇಕು ಅನ್ನುವುದು ನನ್ನ ಬುದ್ಧಿ. “ಕಲ್ಲಿಗೂ ಆಸಿಗೆ ಬೇಕೇನ್ಲಾ? ಅದೇನ್ ಬಾಣಂತಿಯಾ?” ಅಂದೆ. ಕುರ್ಚಿ ಹೊತ್ತವರೆಲ್ಲ ನಕ್ಕರು.

ರೈಲ್ವೆ ಗೇಟಿನಲ್ಲಿ ಚಕ್ರ ಹಳಿ ದಾಟುವಾಗ ಗಾಡಿ ಒಂದು ಸಲ ಕುಲುಕಿತು. ಬಟ್ಟಲು ಜಾರಿ ಹಳಿಯ ಮೇಲೆ ಬಿತ್ತು, ಮೂರು ಹೋಳು. ಕಂಬಕ್ಕೆ ಏನೂ ಆಗಲಿಲ್ಲ. ಚಿಕ್ಕೆಂಕಟಪ್ಪ ಎತ್ತುಗಳನ್ನು ನಿಲ್ಲಿಸಿ, ಇಳಿದು, ಹೋಳುಗಳನ್ನು ಒಂದೊಂದಾಗಿ ಎತ್ತಿ ಗಾಡಿಗೆ ಹಾಕಿದ. “ಬಾಣಂತೀನೇ ಕಣ್ ಸಾಮಿ,” ಅಂದ.

ಮುನಿಸ್ವಾಮಣ್ಣ, ಅಲ್ಲಿಂದ ನಿನ್ನ ಮನೆ ಅರ್ಧ ಮೈಲಿ. ನಾನು ಹೋಳುಗಳನ್ನೇ ತಂದು ನಿನ್ನ ಮುಂದಿಡಬಹುದಿತ್ತು. ಒಂದು ಹೋಳಿನ ಮೇಲೆ ಮುಕ್ಕು ಹಾಗೇ ಇತ್ತು — ನಿಮ್ಮಪ್ಪನದು, ನಿಜವಾದದ್ದು. ನೀನು ಅಳುತ್ತಿದ್ದೆ, ನನ್ನನ್ನು ಬೈಯುತ್ತಿದ್ದೆ, ಆಮೇಲೆ ಅದರ ಮೇಲೆ ಬೆರಳಿಡುತ್ತಿದ್ದೆ. ಅಷ್ಟನ್ನು ನಿನ್ನಿಂದ ಕಿತ್ತುಕೊಂಡೆ — ಯಾವುದಕ್ಕೆ? ಈ ನಾರಾಯಣಪ್ಪನ ಕೈಗೆ ಕೊಟ್ಟ ಕೆಲಸ ಕೆಡುವುದಿಲ್ಲ ಅನ್ನುವ ಒಂದು ಹೆಸರಿಗೆ.

ತೊಟ್ಟಿಯನ್ನು ಹೊರಗೆ ಬಿಡಲು ಗಣಿ ಕಚೇರಿಯಲ್ಲಿ ಇನ್ನೂ ಚೀಟಿ ಆಗಿಲ್ಲ ಅಂತ ನಿನಗೆ ಹೇಳಿಕಳಿಸಿದೆ. ಬಂಗಾರಪೇಟೆಯ ಆಚೆ ಒರಳುಕಲ್ಲು ಕಡೆಯುವ ಕದಿರಪ್ಪನ ಹತ್ತಿರ ಅದೇ ಅಳತೆಯ ಬಟ್ಟಲು ಮಾಡಿಸಿದೆ. ಅವನು ಕೆಲಸ ಮುಗಿಸಿ ಉಳಿ ಕೆಳಗಿಟ್ಟಾಗ ನಾನು ಚೀಲದಿಂದ ಆ ಹೋಳು ತೆಗೆದು, ಇದೇ ಥರ ಇಲ್ಲೊಂದು ಮುಕ್ಕು ಮಾಡು ಅಂದೆ. ಮುದುಕ ನನ್ನ ಮುಖ ನೋಡಿದ.

“ಮುಕ್ಕಾಗಿರೋದ್ನ ಸರಿ ಮಾಡ್ಕೊಡು ಅಂತ ಬತ್ತಾರೆ ಜನ. ನೀನೇನಪ್ಪಾ, ಒಸಾದ್ನ ಮುಕ್ಕು ಮಾಡು ಅಂತೀಯ?”

ಒಂದೇ ಏಟು. ಆ ಸದ್ದು ಇವತ್ತಿಗೂ... ಇರಲಿ. ಆಮೇಲೆ ಹೊಸತನ ಹೋಗಲೆಂದು ಬಟ್ಟಲನ್ನು ಒಂದು ವಾರ ಕೆರೆಯ ಕೆಸರಿನಲ್ಲಿ ಹೂತಿಟ್ಟೆ.

ನೀನು ಪಾಳಿ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ತೊಟ್ಟಿ ನಿನ್ನ ಅಂಗಳದಲ್ಲಿ ನಿಂತಿತ್ತು. ಕೈಕಾಲು ತೊಳೆಯದೆ ಹಾಗೇ ಬಂದೆ. ಸುತ್ತ ಒಂದು ಸುತ್ತು ಬಂದು, ಮುಕ್ಕು ಸಿಕ್ಕಿದ ಕಡೆ ನಿಂತು, ಹೆಬ್ಬೆರಳನ್ನು ಅದರೊಳಗೆ ಕೂರಿಸಿದೆ. “ನಮ್ಮಪ್ಪನ ಬಕೆಟ್ಟು ತಾಕಿದ್ದು ಇದೇ ಅಲ್ವೇನಪ್ಪಾ?” ಅಂದೆ.

“ಅದೇ ಅಣ್ಣಾ,” ಅಂದೆ ನಾನು.

ನನ್ನ ತಪ್ಪೆಲ್ಲ ಆ ಎರಡು ಮಾತಿನೊಳಗಿದೆ. ನೀನು ಬಟ್ಟಲನ್ನು ತಿರುಗಿಸಿ ಮುಕ್ಕನ್ನು ಬಾಗಿಲ ಕಡೆಗೆ ಮಾಡಿದೆ. ಅಪ್ಪ ಬಚ್ಚಿಟ್ಟದ್ದನ್ನು ಮಗ ಎಲ್ಲರಿಗೂ ಕಾಣುವ ಹಾಗಿಡುತ್ತಾನೆ ಅಂತ ನಗುತ್ತಾ ಕಣ್ಣೊರೆಸಿಕೊಂಡೆ. ಅವತ್ತು ನಿನ್ನ ಮನೆಯಲ್ಲಿ ನಾಟಿಕೋಳಿ ಸಾರು, ಮುದ್ದೆ. ನಾನು ಎರಡು ಸಲ ಬಡಿಸಿಕೊಂಡೆ.

ಆಮೇಲಿನ ಸಂತೋಷವನ್ನು ಹೇಗೆ ಬರೆಯಲಿ? ಎರಡು ದಿನ ಒಂದು ಪಿಳ್ಳೆಯೂ ಬರಲಿಲ್ಲ. ಮೂರನೇ ದಿನ ಕಾಗೆಯೊಂದು ಯಾರದೋ ಮನೆಯ ಮುದ್ದೆ ಚೂರು ತಂದು ಅದ್ದಿ ತಿಂದು ನೀರು ಕೆಡಿಸಿ ಹೋಯಿತು. ನೀನು ಅದಕ್ಕೂ ಖುಷಿಪಟ್ಟೆ, ಬೋಣಿಯಾಯಿತು ಅಂದೆ. ಆಮೇಲೆ ಗುಬ್ಬಿಗಳು, ಗೊರವಂಕಗಳು, ಬಾಲದಡಿ ಕೆಂಪು ಕಟ್ಟಿಕೊಂಡ ಪಿಕಳಾರ. ಹರಟೆಮಲ್ಲಗಳು ಏಳೆಂಟು ಒಟ್ಟಿಗೆ ಬಂದು, ಹಾಜರಿ ತಪ್ಪಿದ ಪಾಳಿಯವರ ಹಾಗೆ ಬೈದಾಡಿಕೊಂಡು ಮೀಯುತ್ತಿದ್ದವು. ನೀನು ಹೊಸ್ತಿಲ ಮೇಲೆ ಕಾಫಿ ಲೋಟ ಹಿಡಿದು ಕೂತು, ಕುಡಿಯುವುದನ್ನೇ ಮರೆಯುತ್ತಿದ್ದೆ. ಆ ಮುಖ ನೋಡಲಿಕ್ಕೇ ಎಷ್ಟೋ ಭಾನುವಾರ ರೈಲು ಹತ್ತಿ ಬಂದಿದ್ದೇನೆ. ಲೈನಿನವರು ತೊಟ್ಟಿ ಇಡುವುದು ಹೇಗೆಂದು ಕೇಳಿದಾಗ ದೊಡ್ಡ ಮನುಷ್ಯನ ಹಾಗೆ ಹೇಳಿಯೂ ಕೊಟ್ಟೆ: ನೀರು ಎರಡು ಬೆರಳಿಗಿಂತ ಆಳ ಬೇಡ, ತಳ ನುಣುಪಾಗಿದ್ದರೆ ಹಕ್ಕಿಯ ಕಾಲು ಜಾರುತ್ತೆ, ಬೆಕ್ಕು ಅವಿತುಕೊಳ್ಳುವ ಪೊದೆ ಹತ್ತಿರ ಇರಬಾರದು. ಎಲ್ಲ ಸರಿಯಾದ ಮಾತು. ಹೇಳುವಾಗ ಕಣ್ಣು ಮಾತ್ರ ಮುಕ್ಕಿನ ಕಡೆ ಹೋಗದಂತೆ ನೋಡಿಕೊಳ್ಳುತ್ತಿದ್ದೆ.

ಹಕ್ಕಿಗಳು ಬಂದವಲ್ಲ, ಅಷ್ಟು ಸಾಲದೇ — ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಸಾಲದು. ನೀನು ಕೇಳಿದ್ದು ಹಕ್ಕಿಯನ್ನು ಮಾತ್ರವಲ್ಲ. ನಿಮ್ಮಪ್ಪನೂ ಮುಕ್ಕು ಮುಚ್ಚಿಟ್ಟಿದ್ದರಲ್ಲ ಎಂದೂ ಅಂದುಕೊಂಡೆ. ಅವರು ಮುಚ್ಚಿಟ್ಟದ್ದು ಅನ್ನಕ್ಕೆ, ನಾನು ಹೆಸರಿಗೆ. ಅವರ ಬೆನ್ನ ಹಿಂದೆ ನಾನು ನಿಲ್ಲುವುದಿಲ್ಲ.

ಇನ್ನೊಂದು. ಕದಿರಪ್ಪನಿಗೆ ಮಾದರಿಗೆಂದು ಒಯ್ದ ಆ ಹೋಳನ್ನು ನಾನು ಎಸೆಯಲಿಲ್ಲ. ಎಸೆಯಲು ಎರಡು ಸಲ ಕೆರೆಯ ತನಕ ಹೋಗಿ ವಾಪಸು ತಂದೆ. ಅಂಗಡಿಯಲ್ಲಿ ಹಳೇ ಪತ್ರಿಕೆಗಳ ಕಟ್ಟಿನ ಮೇಲೆ ಗಾಳಿಗೆ ಹಾರದಿರಲೆಂದು ಇಟ್ಟ ಕಲ್ಲು — ನೆನಪಿದೆಯೇ? ಒಂದು ಸಲ ನೀನೇ ಅದನ್ನೆತ್ತಿ ಪತ್ರಿಕೆ ತೆಗೆದುಕೊಂಡೆ. ಎಲ್ಲೀದಪ್ಪಾ ಈ ಕಲ್ಲು ಅಂದೆ. ಯಾವುದೋ ಒಂದು ಅಂದೆ ನಾನು. ನಿಮ್ಮಪ್ಪನ ಕೈಗುರುತು ನಿನ್ನ ಅಂಗೈಯಲ್ಲೇ ಇತ್ತು, ನಾನು ಇಸಿದುಕೊಂಡು ಮತ್ತೆ ಪತ್ರಿಕೆಯ ಮೇಲಿಟ್ಟೆ.

ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ. ಚೀಲದಲ್ಲಿ ಆ ಹೋಳು ಇರುತ್ತದೆ. ಮೊದಲು ಅದರ ಮೇಲೆ ಬೆರಳಿಡು. ಆಮೇಲೆ ನನ್ನನ್ನು ಒಳಗೆ ಕರೆಯುವುದೋ ಬಿಡುವುದೋ, ಬಟ್ಟಲನ್ನು ಹಳ್ಳಿಗೆ ಒಯ್ಯುವುದೋ ಅಲ್ಲೇ ಬಿಡುವುದೋ, ನಿನಗೆ ಬಿಟ್ಟದ್ದು. ಕಂಬ ಮಾತ್ರ ನಿಜವಾದದ್ದು, ಅದನ್ನು ಬಿಡಬೇಡ.

ಚಿಕ್ಕೆಂಕಟಪ್ಪನಿಗೆ ಗಾಡಿ ಹೇಳಿದ್ದೇನೆ. ಅವನು ಕೇಳುವ ಮೊದಲೇ ಮೂರು ಹೊರೆ ಹುಲ್ಲು ಕಳಿಸಿದ್ದೇನೆ.